ಎರಡು ಪೈಂಟ್ ಹಾಲು, ಜೊತೆಗೊಂದು ಉದ್ದನೆಯ ಹಾಡು

ಬೆಳಗಿನ ನಾಲ್ಕೂ ಮುಕ್ಕಾಲು. ಮೇ ತಿಂಗಳಾದ್ದರಿಂದ ಆರ್ಚರ್ಡ್ ರೋ ಬೀದಿಯ ಚಿಮಣಿಗಳ ಹಿಂದೆ ಆಗಲೇ ಬೆಳಕು ಹರಿದಿದೆ. ಬ್ಯಾಟರಿ ಗಾಡಿ ಬಂದು ನಿಲ್ಲುತ್ತದೆ. ಗಾಡಿಗೆ ಸದ್ದಿಲ್ಲ, ಬಾಟಲಿಗಳದ್ದೇ ಸದ್ದು. ನೆವಿಲ್ ಹಾಗ್ಬೆನ್ ಇಳಿಯುತ್ತಾರೆ. ಎಡಗೈಯಲ್ಲಿ ಎರಡು ಬಾಟಲಿಗಳ ಕತ್ತು, ಬಲಗೈಯಲ್ಲಿ ಒಂದು ಚಪ್ಪಟೆ ಬಟ್ಟೆಚೀಲ. ಒಂಬತ್ತನೇ ನಂಬರಿನ ಮೆಟ್ಟಿಲ ಮೇಲಿರುವ ಖಾಲಿ ಬಾಟಲಿಯ ಬಾಯಲ್ಲಿ ಸುರುಳಿ ಸುತ್ತಿದ ಚೀಟಿ. ಕನ್ನಡಕ ಏರಿಸಿ, ತುಟಿಯಾಡಿಸುತ್ತ ಓದುತ್ತಾರೆ: 'ಎರಡು ಪೈಂಟ್. ಆರು ಮೊಟ್ಟೆ. ಹೋದ ವಾರದ್ದು ಚೆನ್ನಾಗಿತ್ತು. ಕಪ್ಪೆಯ ಮದುವೆ ಮಾತ್ರ ಬೇಗ ಮುಗಿದುಹೋಯಿತು.'

"ಹದಿನೆಂಟು ನಿಮಿಷದ ಹಾಡು ತಾಯಿ ಅದು," ಎಂದು ನನ್ನ ಕಡೆ ತಿರುಗುತ್ತಾರೆ. "ಬೇಗ ಮುಗೀತಂತೆ! ಆಸೆ ನೋಡಿ ಈಯಮ್ಮಂದು."

ಚೀಲವನ್ನು ಬಾಗಿಲ ಹಿಡಿಗೆ ತಗುಲಿಹಾಕುತ್ತಾರೆ. ಅದರೊಳಗೆ ಇಪ್ಪತ್ತೆರಡು ನಿಮಿಷದ ಹಾಡಿರುವ ಒಂದು ಎಲ್‌ಪಿ ರೆಕಾರ್ಡು.

ಕೆಂಟ್ ಸೀಮೆಯ ವಿಕ್‌ಹರ್ಸ್ಟ್ ಎಂಬ ಈ ಪುಟ್ಟ ಊರಿನಲ್ಲಿ ನಾನು ನೆಲೆಸಿ ಇಪ್ಪತ್ತಮೂರು ವರ್ಷ. ಅಷ್ಟೂ ವರ್ಷ ನಮ್ಮ ಮನೆಗೆ ಹಾಲು ಹಾಕಿದವರು ನೆವಿಲ್. ಊರಿಗೆಲ್ಲ ಅವರು ನೆವ್. ವಯಸ್ಸು ಅರವತ್ತೆಂಟು. ಹದಿನಾರನೇ ವಯಸ್ಸಿನಲ್ಲಿ ಹಿಡಿದ ಕೆಲಸ, ಐವತ್ತೆರಡು ವರ್ಷವಾದರೂ ಬಿಟ್ಟಿಲ್ಲ. ಈಗ ಇನ್ನೂರ ಹನ್ನೆರಡು ಮನೆ, ದಿನಕ್ಕೆ ಮುನ್ನೂರ ಎಂಬತ್ತು ಬಾಟಲಿ, ಹತ್ತೊಂಬತ್ತು ಮೈಲಿ. ಆ ಮನೆಗಳ ಪೈಕಿ ಅರವತ್ತೊಂದಕ್ಕೆ ಹಾಲಿನ ಜೊತೆ ಸಂಗೀತವೂ ಹೋಗುತ್ತದೆ. ಓದಿ ಹಿಂದಿರುಗಿಸುವ ಲೈಬ್ರರಿ ಪುಸ್ತಕದಂತೆ ಕೇಳಿ ಹಿಂದಿರುಗಿಸುವ ರೆಕಾರ್ಡು.

ಅದೂ ಎಂಥ ಸಂಗೀತ! ಪ್ರೋಗ್ರೆಸಿವ್ ರಾಕ್ ಅನ್ನುತ್ತಾರೆ. ಆದರೆ ನೆವ್ ಹುಡುಕುವುದು ಅದರಲ್ಲೂ ಒಂದೇ ಒಂದು ಜಾತಿಯದ್ದು. ಪಾದ್ರಿಯ ಸೈಕಲ್ಲು ಕೆರೆಗೆ ಬಿದ್ದ ಕಥೆ, ಕುಂಬಳಕಾಯಿ ಸ್ಪರ್ಧೆಯಲ್ಲಿ ನಡೆದ ಮೋಸ, ಚಹಾಕ್ಕೆ ಬಂದು ಹೋಗಲೊಲ್ಲದ ಅತ್ತೆ, ಇಂಥವುಗಳ ಮೇಲೆ ಕಟ್ಟಿದ ಹಾಡುಗಳು. ಕೊಳಲಿನಲ್ಲಿ ಮೆತ್ತಗೆ ಶುರುವಾಗಿ, ನಡುವೆ ಆರ್ಗನ್ನು ಗುಡುಗಿ, ತಾಳ ಮೂರು ಸಲ ಬದಲಾಗಿ, ಕೊನೆಗೆ ಏನೂ ಆಗೇ ಇಲ್ಲವೆಂಬಂತೆ ಮತ್ತೆ ಚಹಾದ ಮೇಜಿಗೆ ಬಂದು ಕೂರುತ್ತವೆ. ಎಪ್ಪತ್ತರ ದಶಕದ ಮೊದಲ ಕೆಲವು ವರ್ಷ ಈ ನಾಡಿನ ಹುಡುಗರು ಅಂಥವನ್ನು ರಾಶಿ ರಾಶಿ ಮಾಡಿದರು. ಬಹುತೇಕ ಯಾರೂ ಕೊಳ್ಳಲಿಲ್ಲ.

ಅವನ್ನು ಪತ್ತೆಹಚ್ಚುವುದು ಹೇಗೆ?

"ಮೊದ್ಲು ಕವರ್ ನೋಡ್ತೀನಿ," ಎನ್ನುತ್ತಾರೆ ನೆವ್, ಗಾಡಿ ಓಡಿಸುತ್ತಲೇ. "ಹಸು ಇದ್ರೆ ಒಳ್ಳೇದು. ಟೀಪಾಟಿಗೆ ಕಾಲಿದ್ರೆ ಇನ್ನೂ ಒಳ್ಳೇದು. ಆಮೇಲೆ ತಿರುಗ್ಸಿ, ಒಂದು ಬದೀಲಿ ಎಷ್ಟು ಹಾಡಿದೆ ಅಂತ ಎಣಿಸ್ತೀನಿ. ಐದಿದ್ರೆ ಕೆಳಗಿಡ್ತೀನಿ. ಎರಡಿದ್ರೆ ಕೂತ್ಕೊಂಡು ಓದ್ತೀನಿ. ಯಾರಾದ್ರೂ ಹಾರ್ಮೋನಿಯಂ ನುಡಿಸಿದ್ರೆ, ಕೊನೇಲಿ ಬಿಸ್ಕತ್ತು ಕೊಟ್ಟೋರಿಗೆ ಥ್ಯಾಂಕ್ಸ್ ಹೇಳಿದ್ರೆ, ಮುಗೀತು, ನಮ್ದೇ ಅದು."

ಭಾನುವಾರಗಳಂದು ಹೊಲಗಳಲ್ಲಿ ಜನ ಕಾರಿನ ಡಿಕ್ಕಿ ತೆರೆದು ಹಳೇ ಸಾಮಾನು ಮಾರುವ ಸಂತೆಗೆ, ಚರ್ಚುಗಳ ಹಳೇ ಸಾಮಾನಿನ ಮಾರಾಟಕ್ಕೆ ಎಲ್ಲರಿಗಿಂತ ಮುಂಚೆ ಹೋಗಿ ನಿಲ್ಲುತ್ತಾರೆ. ಬೇಗ ಏಳುವುದು ಹೇಗೂ ಅಭ್ಯಾಸ. ಹೀಗೆ ಕೂಡಿಸಿದ ರೆಕಾರ್ಡು ಎರಡು ಸಾವಿರದ ಮುನ್ನೂರ ನಲವತ್ತು. ಹೆಂಡತಿ ಬೆರಿಲ್ ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದವರು. ಅವರಿಗೆ ಈ ಸಂಗೀತವೆಂದರೆ ಅಷ್ಟಕ್ಕಷ್ಟೆ.

"ಆ ಕೊಳಲು ಶುರುವಾದ್ರೆ ನಾನು ತೋಟಕ್ಕೆ ಹೋಗ್ತೀನಮ್ಮ," ಎಂದರು ನನಗೆ ಚಹಾ ಸುರಿಯುತ್ತ. "ನಮ್ಮ ತೋಟ ಇಷ್ಟು ಚೆನ್ನಾಗಿರೋದು ಯಾಕೆ ಅಂದ್ಕೊಂಡ್ರಿ?"

ನೆವ್‌ಗೆ ಈ ಹುಚ್ಚು ಹತ್ತಿದ್ದರ ಹಿಂದೆ ಒಂದು ನೋವಿದೆ. ಅಪ್ಪ ಸೇಬಿನ ತೋಟದಲ್ಲಿ ಕೂಲಿ. ಶಾಲೆಯಲ್ಲಿ ನೆವ್‌ಗೆ ಅಕ್ಷರಗಳು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಬೋರ್ಡಿನ ಮೇಲೆ ಇರುವೆಗಳಂತೆ ಹರಿದಾಡುತ್ತಿದ್ದವು. ಮೇಷ್ಟರು ದಡ್ಡನೆಂದು ಹಿಂದಿನ ಬೆಂಚಿಗೆ ದಬ್ಬಿದರು. ನೆವ್ ಓದಲು ಬಾರದೆಯೇ ಶಾಲೆಯಿಂದ ಹೊರಬಿದ್ದರು. ಹಾಲಿನ ಕೆಲಸಕ್ಕೆ ಸೇರಿದ ಮೇಲೆ ಚೀಟಿಗಳ ಕಾಟ ಶುರು. ಒಬ್ಬರಿಗೆ ಕೆನೆ ಬೇಕು, ಇನ್ನೊಬ್ಬರು ಊರಿಗೆ ಹೊರಟಿದ್ದಾರೆ, ಎಲ್ಲವೂ ಬಾಟಲಿಯೊಳಗಿನ ಕಾಗದದಲ್ಲಿ. ನೆವ್ ಚೀಟಿಗಳನ್ನು ಜೇಬಿಗಿಳಿಸಿಕೊಂಡು ಮನೆಗೆ ಒಯ್ದು ಅಮ್ಮನಿಂದ ಓದಿಸಿ, ಮರೆತುಹೋದಂತೆ ನಟಿಸಿ ಎರಡನೇ ಸಲ ಹೋಗಿ ಹಾಕಿ ಬರುತ್ತಿದ್ದರು. ಆರು ವರ್ಷ ಹೀಗೇ ನಡೆಯಿತು.

ಒಂದು ಕ್ರಿಸ್‌ಮಸ್ಸಿಗೆ ಗಿರಾಕಿಯೊಬ್ಬರು ಉಡುಗೊರೆಯಾಗಿ ಒಂದು ರೆಕಾರ್ಡು ಕೊಟ್ಟರು. ಒಳಗೆ ಹಾಡಿನ ಸಾಲುಗಳೆಲ್ಲ ಅಚ್ಚಾಗಿದ್ದ ಹಾಳೆಯಿತ್ತು.

"ಹಾಡು ಕೇಳ್ತಾ ಬೆರಳಿಟ್ಟೆ. ಅವ್ನು 'ಮುಳ್ಳುಹಂದಿ' ಅಂತ ಹಾಡಿದಾಗ ಬೆರಳ ಕೆಳಗೆ ಆ ಪದ ಇತ್ತು. ಓಡಿಹೋಗ್ಲಿಲ್ಲ, ಅಲ್ಲೇ ಇತ್ತು. ಮತ್ತೆ ಹಾಕಿದೆ, ಮತ್ತೂ ಅಲ್ಲೇ ಇತ್ತು. ಹಾಡೋನು ನಿಧಾನ, ನಾನೂ ನಿಧಾನ. ನಡುನಡುವೆ ನಾಲ್ಕು ನಿಮಿಷ ಆರ್ಗನ್ನು, ಸುಧಾರಿಸ್ಕೊಳ್ಳೋಕೆ ಸಮಯ. ಇನ್ಯಾವ ಸಂಗೀತ ಅಷ್ಟು ತಾಳ್ಮೆ ತೋರ್ಸುತ್ತೆ ಹೇಳಿ?"

ಎರಡು ಚಳಿಗಾಲದಲ್ಲಿ ಓದು ಬಂತು. ತಾನಾಗಿ ಬರೆದ ಮೊದಲ ಚೀಟಿ ಅವರಿಗೆ ಇಂದಿಗೂ ಬಾಯಿಪಾಠ: 'ಇವತ್ತು ಕೆನೆ ಇಲ್ಲ, ಕ್ಷಮಿಸಿ. ಬದಲಿಗೆ ಇದನ್ನು ಕೇಳಿ ನೋಡಿ.' ಜೊತೆಗೊಂದು ರೆಕಾರ್ಡು ಇಟ್ಟಿದ್ದರು. ಅಲ್ಲಿಂದ ಈ ಕೊಡುಕೊಳ್ಳುವಿಕೆ ಶುರುವಾಯಿತು. ಮಂಜುಗಡ್ಡೆಯ ಮೇಲೆ ಜಾರಿ ಭುಜದ ಮೂಳೆ ಮುರಿದುಕೊಂಡ ವರ್ಷ, ಸೂಪರ್‌ಮಾರ್ಕೆಟ್ಟುಗಳು ಬಂದು ಅರ್ಧಕ್ಕರ್ಧ ಮನೆಗಳು ಹಾಲು ನಿಲ್ಲಿಸಿದ ವರ್ಷ, ಯಾವಾಗಲೂ ಚೀಲಗಳು ಮಾತ್ರ ಓಡಾಡಿದವು. "ಹಾಲು ಬೇಡ ಅಂದೋರೂ ರೆಕಾರ್ಡು ನಿಲ್ಲಿಸ್ಬೇಡ ಅಂದ್ರು. ಕೊನೆಗೆ ನಾಚಿಕೆಯಾಗಿ ಹಾಲೂ ತಗೊಂಡ್ರು," ಎಂದು ನಗುತ್ತಾರೆ.

ಆದರೆ ನಾನು ಈ ಲೇಖನ ಬರೆಯಲು ಕೂತದ್ದು ಹದಿನಾಲ್ಕನೇ ನಂಬರಿನ ಗೋಲ್ಡಪ್ ದಂಪತಿಗಾಗಿ.

ಸೆಡ್ರಿಕ್ ಗೋಲ್ಡಪ್ ನಮ್ಮೂರ ರೈಲು ನಿಲ್ದಾಣದಲ್ಲಿ ಸಿಗ್ನಲ್ ಕೊಡುತ್ತಿದ್ದವರು. ಹೋದ ವರ್ಷಕ್ಕೆ ಹಿಂದಿನ ಅಕ್ಟೋಬರಿನಲ್ಲಿ ಪಾರ್ಶ್ವವಾಯು ಹೊಡೆಯಿತು. ಕೈಕಾಲು ಮರಳಿದವು, ಮಾತು ಮರಳಲಿಲ್ಲ. ಹೋದ ವರ್ಷದ ಜನವರಿಯಲ್ಲಿ ಅವರ ಹೆಂಡತಿ ಮ್ಯೂರಿಯಲ್ ಬಾಟಲಿಯಲ್ಲಿ ಚೀಟಿಯಿಟ್ಟರು: 'ನೆವ್, ಇವರು ಮೇಜು ಕುಟ್ಟುತ್ತಾರೆ, ಏನೋ ಗುನುಗುತ್ತಾರೆ. ಚರ್ಚಿನ ಹಾಡಲ್ಲ. ನನಗೆ ಗೊತ್ತಾಗುವುದಿಲ್ಲ, ಇವರು ಅಳುತ್ತಾರೆ. ನಿನ್ನ ಹುಚ್ಚು ಹಾಡುಗಳಲ್ಲಿ ಒಂದಿರಬಹುದೇ?'

ನೆವ್ ಅವತ್ತು ಹಾಲು ಮುಗಿಸಿ ಒಳಗೆ ಹೋದರು. ಸೆಡ್ರಿಕ್ ಗುನುಗುತ್ತ ಮೇಜು ಕುಟ್ಟಿದರು. ಮೂರು, ಎರಡು, ಎರಡು. ಒಟ್ಟು ಏಳು. ನೆವ್ ಸೀದಾ ನಮ್ಮ ಮನೆಗೆ ಬಂದು ಬಾಗಿಲು ತಟ್ಟಿದರು.

"ತಾಯಿ, ನಿಮ್ಮ ಕಡೆಯೋರು ಬೆರಳಲ್ಲಿ ತಾಳ ಎಣಿಸ್ತೀರಲ್ಲ, ಇದನ್ನ ಮರೀದೆ ಇರೋಕೆ ಏನಾದ್ರೂ ದಾರಿ ಇದ್ಯಾ?"

"ತಕಿಟ ತಕ ಧಿಮಿ," ಎಂದೆ. ಅದು ಕರ್ನಾಟಕ ಸಂಗೀತದ ಮಿಶ್ರಛಾಪು ತಾಳ. ಅದನ್ನೇ ಜಪಿಸುತ್ತ ಗಾಡಿ ಹತ್ತಿದರು.

ಅಂದಿನಿಂದ ದಿನಕ್ಕೆ ಮೂರು ರೆಕಾರ್ಡು. ಹಾಲು ಹಾಕಿ ಮುಗಿಸಿ, ಮನೆಗೆ ಹೋಗಿ ಮಲಗಬೇಕಾದ ಹೊತ್ತಿನಲ್ಲಿ ಗೋಲ್ಡಪ್ ಮನೆಯ ಸೋಫಾದ ಮೇಲೆ ಕೂತು ಒಂದೊಂದೇ ಹಾಕುವರು. ಸೆಡ್ರಿಕ್ ಕೇಳುವರು, ಕೈಯಾಡಿಸುವರು: ಇದಲ್ಲ. ಏಳೆಣಿಕೆಯ ತಾಳದ ಹಾಡುಗಳೆಲ್ಲ ಮುಗಿದವು. ಉಳಿದವುಗಳಲ್ಲೂ ನೂರಾರು ಮುಗಿದವು. ಕೆಲವು ದಿನ ಸೆಡ್ರಿಕ್ ಸಿಟ್ಟಿಗೆದ್ದು ರೆಕಾರ್ಡಿನ ಕವರನ್ನು ದೂಡಿಬಿಡುತ್ತಿದ್ದರು.

"ಬಿಟ್ಬಿಡು ನೆವ್, ನಿಂಗೂ ವಯಸ್ಸಾಯ್ತು, ನಿದ್ದೆ ಬೇಡ್ವೇನೋ," ಎಂದರು ಮ್ಯೂರಿಯಲ್.

"ಅವರಿಗೆ ಏನೋ ಹೇಳೋದಿದೆ, ಯಾರಿಗೂ ಓದೋಕಾಗ್ತಿಲ್ಲ," ಎಂದರು ನೆವ್. "ಅದು ಹೇಗಿರುತ್ತೆ ಅಂತ ನಂಗೊತ್ತು."

ಅಕ್ಟೋಬರಿನಲ್ಲಿ ಕೊನೆಯ ಉಪಾಯ. ಇನ್ನೂರ ಹನ್ನೆರಡು ಚೀಟಿಗಳನ್ನು ಕೈಯಾರೆ ಬರೆದು, ಒಂದೊಂದು ಬಾಟಲಿಯ ಕತ್ತಿಗೂ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದರು: 'ತಕಿಟ ತಕ ಧಿಮಿ ಎಂದು ನಡೆಯುವ ರಾಗ. ಮೆಟ್ಟಿಲು ಹತ್ತಿದಂತೆ ಏರಿ, ಮೇಲಿನ ಮೆಟ್ಟಿಲಲ್ಲಿ ಎಡವುತ್ತದೆ. ಯಾರಿಗಾದರೂ ಗೊತ್ತೇ?' ಉತ್ತರಗಳು ಬಂದವು. ಒಬ್ಬರು ಅದು ತಮ್ಮ ವಾಷಿಂಗ್ ಮೆಷೀನು ಎಂದರು. ಇನ್ನೊಬ್ಬರು, 'ನೆವ್, ರಜೆ ತೆಗೆದುಕೋ' ಎಂದರು.

ಮೂರು ವಾರದ ನಂತರ ಮಿಲ್ ಲೇನಿನ ಕೊನೆಯ ಮನೆಯಿಂದ ಒಂದು ಚೀಟಿ: 'ಒಂದು ಪೈಂಟ್. ಅದು ನನ್ನ ರಾಗ. ದಯವಿಟ್ಟು ಯಾರಿಗೂ ಹೇಳಬೇಡಿ.'

ಆ ಮನೆ ರೂಪರ್ಟ್ ಸ್ವಾಫರ್ ಅವರದ್ದು. ಕ್ಯಾಂಟರ್ಬರಿಯಲ್ಲಿ ಮೂವತ್ತೈದು ವರ್ಷ ದಂತವೈದ್ಯರಾಗಿದ್ದು ನಿವೃತ್ತರಾದವರು, ಊರಲ್ಲಿ ಯಾರ ಜೊತೆಯೂ ಹೆಚ್ಚು ಮಾತಿಲ್ಲ. ನೆವ್ ಬಾಗಿಲು ತಟ್ಟಿದಾಗ ಕಿವಿಯವರೆಗೂ ಕೆಂಪಾಗಿ ನಿಂತಿದ್ದರಂತೆ. ಇಪ್ಪತ್ತೊಂದನೇ ವಯಸ್ಸಿನಲ್ಲಿ ಅವರೂ ಮೂವರು ಗೆಳೆಯರೂ 'ವಿಕರೇಜ್ ಟೀ ಕಮಿಟಿ' ಎಂಬ ತಂಡ ಕಟ್ಟಿ, ಒಂದೇ ಒಂದು ರೆಕಾರ್ಡು ಮಾಡಿ, ಮುನ್ನೂರು ಪ್ರತಿ ಒತ್ತಿಸಿದ್ದರು. ರೈಲು ಹಿಡಿಯಲು ಹೊರಟ ಬಸವನಹುಳುವಿನ ಕಥೆ.

"ಮತ್ತೆ ಐವತ್ತು ವರ್ಷ ಯಾಕ್ ಬಾಯಿ ಬಿಡ್ಲಿಲ್ಲ ಡಾಕ್ಟ್ರೇ?"

"ಬಸವನಹುಳು ಆಗಿ ಇಪ್ಪತ್ತೊಂದು ನಿಮಿಷ ಹಾಡಿದೋನು ನಾನು, ನೆವ್. ಗೊತ್ತಾಗಿದ್ರೆ ನನ್ನ ಹತ್ರ ಯಾರು ಹಲ್ಲು ಕೀಳಿಸ್ಕೊಳ್ತಿದ್ರು?"

ಅವರ ಬಳಿ ಉಳಿದಿದ್ದ ಒಂದೇ ಪ್ರತಿ ಬಾಯ್ಲರ್ ಪಕ್ಕದಲ್ಲಿದ್ದು ಹಪ್ಪಳದಂತೆ ಸುರುಟಿಕೊಂಡಿತ್ತು. ಹಾಕಿದರೆ ಮುಳ್ಳು ಹಾರಿ ಬೀಳುತ್ತದೆ.

"ಹಾಗಾದ್ರೆ ನೀವೇ ಬಂದು ನುಡಿಸ್ಬೇಕು. ಗೋಲ್ಡಪ್ ಮನೇಲಿ ಪಿಯಾನೋ ಇದೆ."

ಸ್ವಾಫರ್ ಸಂಧಿವಾತದ ಬೆರಳುಗಳನ್ನು ತೋರಿಸಿ ಆಗುವುದಿಲ್ಲವೆಂದರು. ನೆವ್ ವಾದಿಸಲಿಲ್ಲ. ಮರುದಿನ ಹಾಲಿನ ಜೊತೆ ಒಂದು ಚೀಟಿ ಮಾತ್ರ ಇಟ್ಟರು: 'ನಿಮ್ಮ ಹಾಡನ್ನು ಒಬ್ಬರು ಐವತ್ತು ವರ್ಷ ಮರೆತಿಲ್ಲ. ಅವರ ಹತ್ತಿರ ಉಳಿದಿರುವುದು ಅದೊಂದೇ.' ಅದರ ಮರುದಿನ ಖಾಲಿ ಬಾಟಲಿಯಲ್ಲಿ ಉತ್ತರವಿತ್ತು: 'ಗುರುವಾರ, ಹನ್ನೊಂದು ಗಂಟೆ.'

ಆ ಗುರುವಾರ ನಾನೂ ಅಲ್ಲಿದ್ದೆ. ಸ್ವಾಫರ್ ಒಳಬಂದವರೇ ಗೋಡೆಯ ಮೇಲಿದ್ದ ಹಳೇ ಫೋಟೋದ ಮುಂದೆ ನಿಂತುಬಿಟ್ಟರು. ಸಿಗ್ನಲ್ ಕೋಣೆಯಲ್ಲಿ ಸನ್ನೆಕೋಲು ಹಿಡಿದು ನಿಂತ ಯುವಕ.

"ಅಯ್ಯೋ, ನೀನಾ!" ಎಂದರು ಸೆಡ್ರಿಕ್ ಕಡೆ ತಿರುಗಿ. "ಮ್ಯೂರಿಯಲ್, ರೆಕಾರ್ಡಲ್ಲಿ ರೈಲಿನ ಗಂಟೆ ಬೇಕಾಗಿತ್ತು ನಮ್ಗೆ. ಇವ್ನು ನಮ್ಮನ್ನ ಕದ್ದುಮುಚ್ಚಿ ಸಿಗ್ನಲ್ ಕೋಣೆಗೆ ಹತ್ತಿಸ್ಕೊಂಡು, ಟೀ ಕೊಟ್ಟು, ತಾನೇ ಗಂಟೆ ಬಾರಿಸಿಕೊಟ್ಟ. ಸಿಕ್ಕಿಬಿದ್ದಿದ್ರೆ ಕೆಲಸ ಹೋಗ್ತಿತ್ತು."

"ನಲವತ್ತೊಂಬತ್ತು ವರ್ಷ ಸಂಸಾರ ಮಾಡಿದೀನಿ," ಎಂದರು ಮ್ಯೂರಿಯಲ್, "ನನಗೊಂದು ಮಾತು ಹೇಳಿಲ್ಲ ನೋಡು ಈ ಮನುಷ್ಯ!"

ಸೆಡ್ರಿಕ್ ನಗುತ್ತಿದ್ದರು. ಸ್ವಾಫರ್ ಪಿಯಾನೋ ಮುಂದೆ ಕೂತರು. ತಪ್ಪುತ್ತ, ನಿಲ್ಲುತ್ತ, ಮತ್ತೆ ಹಿಡಿಯುತ್ತ ನುಡಿಸಿದರು. ರಾಗ ಮೆಟ್ಟಿಲು ಹತ್ತಿತು, ಮೇಲೆ ಹೋಗಿ ಎಡವಿತು. ಅಲ್ಲಿ ರೈಲು ಹೊರಟುಬಿಡುತ್ತದೆ, ಬಸವನಹುಳು ಕೂಗಿಕೊಳ್ಳುತ್ತದೆ. ಸ್ವಾಫರ್ ಬಾಯಿ ತೆರೆಯುವ ಮುಂಚೆಯೇ ಕುರ್ಚಿಯಿಂದ ಒರಟಾದ, ತುಕ್ಕು ಹಿಡಿದ ದನಿಯೊಂದು ಸ್ಪಷ್ಟವಾಗಿ ಹಾಡಿತು:

"ನಿಲ್ಲು, ನಿಲ್ಲು, ನಾನೂ ಬರ್ತಿದ್ದೀನಿ!"

ಹದಿಮೂರು ತಿಂಗಳ ನಂತರ ಸೆಡ್ರಿಕ್ ಬಾಯಿಂದ ಬಂದ ಮೊದಲ ಮಾತು. ಮ್ಯೂರಿಯಲ್ ಕೈಲಿದ್ದ ಚಹಾದ ತಟ್ಟೆಯನ್ನು ನೆಲದ ಮೇಲಿಟ್ಟು ಅಲ್ಲೇ ಕೂತುಬಿಟ್ಟರು. ನೆವ್ ಕಿಟಕಿಯ ಕಡೆ ತಿರುಗಿ ನಿಂತರು.

ಮಾತು ಪೂರ್ತಿ ಮರಳಿಲ್ಲ. ಮಾತು ಹೋದವರಿಗೂ ಹಾಡು ಉಳಿಯುವುದುಂಟು ಎಂದು ಅವರಿಗೆ ಮಾತಿನ ಚಿಕಿತ್ಸೆ ಕೊಡುವಾಕೆ ವಿವರಿಸಿದಳು. ಆ ಹಾಡಿನ ಸಾಲುಗಳನ್ನೇ ಹಿಡಿದು ಈಗ ಬೇರೆ ಪದಗಳನ್ನು ಕೂಡಿಸಿಕೊಡುತ್ತಿದ್ದಾಳೆ. ಮ್ಯೂರಿಯಲ್ ಅಂಗಡಿಗೆ ಹೊರಟರೆ ಸಾಕು, ಒಳಗಿನಿಂದ "ನಿಲ್ಲು, ನಿಲ್ಲು" ಕೇಳಿಬರುತ್ತದೆ. "ಈಗ ಒಬ್ಳೇ ಎಲ್ಲೂ ಹೋಗೋ ಹಾಗಿಲ್ಲ," ಎನ್ನುತ್ತಾರೆ ಆಕೆ, ಕಣ್ಣು ತುಂಬಿಕೊಂಡು. "ದೇವರು ಆ ಹಾಲಿನವನನ್ನ ಚೆನ್ನಾಗಿಟ್ಟಿರ್ಲಿ."

ಇದನ್ನು ಹೇಳಿದರೆ ನೆವ್ ಬಾಟಲಿಗಳ ಕಡೆ ನೋಡುತ್ತಾರೆ. "ನಾನೇನ್ ಮಾಡ್ದೆ? ಹುಡುಕಿದೆ ಅಷ್ಟೆ. ಆ ಹಾಡುಗಳು ನಂಗೆ ಕೊಟ್ಟಿದ್ದಕ್ಕೆ ಹೋಲಿಸಿದ್ರೆ ಇದ್ಯಾವ ಲೆಕ್ಕ?"

ಏಳು ಗಂಟೆ. ಗಾಡಿಯಲ್ಲಿ ಖಾಲಿ ಬಾಟಲಿಗಳಷ್ಟೇ ಉಳಿದಿವೆ. ಇಷ್ಟು ವರ್ಷದಲ್ಲಿ ಏನಾದರೂ ಆಸೆ ಉಳಿದಿದೆಯೇ ಎಂದು ಕೇಳುತ್ತೇನೆ. ನೆವ್ ಖಾಲಿ ಬಾಟಲಿಗಳನ್ನು ಒತ್ತಾಗಿ ಜೋಡಿಸುತ್ತಾರೆ.

"ಇಂಥ ಸಂಗೀತ ಎದುರಿಗೆ ನುಡಿಸೋ ಕಛೇರಿಗೆ ನಾನು ಒಂದ್ಸಲಾನೂ ಹೋಗಿಲ್ಲ ತಾಯಿ. ಎಲ್ಲಾ ರಾತ್ರಿ ಇಡ್ತಾರೆ. ನಾನು ಎರಡೂ ಮುಕ್ಕಾಲಿಗೆ ಏಳೋನು. ಸ್ವಾಫರ್ ಡಾಕ್ಟ್ರು ಹಳೇ ಗೆಳೆಯರಿಗೆ ಕಾಗದ ಬರ್ದಿದಾರಂತೆ, ಇಬ್ರು ಬದುಕಿದಾರೆ. ಊರಿನ ಸಭಾಂಗಣದಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಇಟ್ಕೊಳ್ಳಿ ಅಂದಿದೀನಿ. ಎಲ್ಲರ ಜೊತೆ ಕೂತು, ಕೊನೇವರೆಗೂ ಕೇಳಿ, ಚಪ್ಪಾಳೆ ಹೊಡೀಬೇಕು."

ಗಾಡಿ ಹತ್ತಿ ಕೂರುತ್ತಾರೆ.

"ಮನೇಲಿ ಹಾಡು ಮುಗಿದಾಗ ಒಬ್ನೇ ಹೊಡೀತೀನಿ. ಬೆರಿಲ್ ತೋಟದಿಂದ ನಗ್ತಾಳೆ."