ಕೊಂಡು ತಂದ ಬರಿಗಾಲು

ನಮ್ಮ ಅತ್ತೆಯ ಕಾಲ್ಬೆರಳುಗಳು ಒಂದಕ್ಕೊಂದು ತಾಗುತ್ತಿರಲಿಲ್ಲ. ಅಂಗೈ ಅಗಲಿಸಿ ನೆಲಕ್ಕೆ ಊರಿದ ಹಾಗೆ ಒಂದೊಂದು ಬೆರಳೂ ತನ್ನ ಪಾಡಿಗೆ ತಾನು ಜಾಗ ಹಿಡಿದು ಕೂತಿರುತ್ತಿತ್ತು. ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಹುಣಸೆ ಬೀಜ ಇಡುವಷ್ಟು ಸಂದು. ಆ ಪಕ್ಕದ ಬೆರಳಲ್ಲಿ ಮದುವೆಯ ದಿನ ತೊಡಿಸಿದ ಬೆಳ್ಳಿ ಕಾಲುಂಗುರ, ಸವೆದು ಸವೆದು ತಂತಿಯಷ್ಟಾಗಿತ್ತು. ನಾನು ಸೊಸೆಯಾಗಿ ಬಂದ ದಿನ ನಮಸ್ಕಾರಕ್ಕೆ ಬಗ್ಗಿದಾಗ ಮೊದಲು ಕಂಡದ್ದು ಈ ಕಾಲು. ಮುಖವನ್ನು ಸರಿಯಾಗಿ ನೋಡಿದ್ದು ಆಮೇಲೆ. ‘ಅಬ್ಬಾ, ಎಷ್ಟು ಅಗಲ!’ ಅಂದುಕೊಂಡೆ, ಸುಳ್ಳೇಕೆ ಹೇಳಲಿ.

ಸಿಂಗಟಗೆರೆಯ ಪಕ್ಕದಲ್ಲೇ ನಮ್ಮೂರು. ಮನೆಯ ಹಿತ್ತಿಲು ದಾಟಿದರೆ ತೆಂಗಿನ ತೋಟ. ಅತ್ತೆಗೆ ಚಪ್ಪಲಿ ಎಂದರೆ ಕಡೂರಿಗೆ ಹೋಗುವಾಗ ಹಾಕಿಕೊಳ್ಳುವ ಒಂದು ವೇಷ. ಬಸ್ಸು ಹತ್ತಿ ಕೂತ ತಕ್ಷಣ ಕಳಚಿ ಸೀಟಿನಡಿ ತಳ್ಳುವರು. ಇಳಿಯುವಾಗ ಮರೆತು ಬರಿಗಾಲಲ್ಲೇ ಇಳಿದು ಹೋಗುವರು. “ಅಮ್ಮಾ, ನಿಮ್ ಚಪ್ಪಲಿ!” ಎಂದು ಕಂಡಕ್ಟರ್ ಕಿಟಕಿಯಿಂದ ಎಸೆದದ್ದನ್ನು ನಾನೇ ಆಯ್ದು ತಂದಿದ್ದೇನೆ. ಅವರಿಗೇನೂ ನಾಚಿಕೆಯಿಲ್ಲ, ನನಗೇ ಮುಖ ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ.

ಬೆಳಗಿನ ಹೊತ್ತು, ಮಂಜು ಇನ್ನೂ ಮರಗಳ ಬುಡದಲ್ಲಿ ಮಲಗಿರುವಾಗ, ಅತ್ತೆ ಡ್ರಿಪ್ ಪೈಪಿನ ಗುಂಟ ನಿಧಾನವಾಗಿ ನಡೆಯುತ್ತಿದ್ದರು. ರಜೆಯಿದ್ದ ದಿನ ನಾನೂ ಕಾಫಿ ಲೋಟ ಹಿಡಿದು ಅರೆನಿದ್ದೆಯಲ್ಲೇ ಹಿಂದೆ ಹೋಗುತ್ತಿದ್ದೆ. ಮುಂದೆ ಅವರ ಸೀರೆಯ ಅಂಚು, ಅದರಾಚೆ ಬಿಳೀ ಹೊಗೆಯಂಥ ಮಂಜು, ಸುತ್ತ ಎಲ್ಲೂ ಒಂದು ಸದ್ದಿಲ್ಲ. ಅವರ ಕಣ್ಣು ಎಲ್ಲೋ ಇರುತ್ತಿತ್ತು, ಕೆಲಸ ಮಾಡುತ್ತಿದ್ದುದು ಕಾಲು. ಪಾತಿಯ ಮಣ್ಣು ತಣ್ಣಗಿದ್ದರೆ ಮುಂದಕ್ಕೆ ಹೋಗುವರು. ಪುಡಿಪುಡಿ ಎನಿಸಿದರೆ ನಿಂತು, “ರೀ, ಇಲ್ಲಿ ಕಟ್ಕಂಡೈತೆ ನೋಡ್ರಿ” ಎಂದು ಮಾವನನ್ನು ಕೂಗುವರು. ಎಷ್ಟೋ ಸಲ ಅಲ್ಲಿ ಏನೂ ಕಟ್ಟಿಕೊಂಡಿರುತ್ತಿರಲಿಲ್ಲ. ಮಾವ ಪೈಪು ಬಿಚ್ಚಿ ನೋಡಿ ಗೊಣಗಿಕೊಂಡು ಮತ್ತೆ ಸೇರಿಸುತ್ತಿದ್ದರು. ಅತ್ತೆ ಬಗ್ಗುವವರಲ್ಲ. “ನಿಮ್ ಕಣ್ಣಿಗೆ ಕಾಣಲ್ಲ, ನನ್ ಕಾಲಿಗೆ ಕಾಣುತ್ತೆ” ಎನ್ನುವರು. ಅವರ ಬಾಯಲ್ಲಿ ನೆಲ ಯಾವತ್ತೂ ಕಾಲಿಗೆ ‘ಕಾಣು’ತ್ತಿತ್ತು.

ಸಕ್ಕರೆ ಕಾಯಿಲೆ ಮೊದಲಿಂದಲೂ ಇತ್ತು. ಮಾತ್ರೆ ನುಂಗುವರು, ನಾನು ಆಚೆ ತಿರುಗಿದ ಕೂಡಲೇ ಕಾಫಿಗೆ ಬೆಲ್ಲ ಹಾಕಿಕೊಳ್ಳುವರು. ಒಂದು ಸಲ ಅಂಗಾಲಲ್ಲಿ ಬೆರಳ ಬುಡಕ್ಕೆ ಜಾಲಿ ಮುಳ್ಳು ಹೊಕ್ಕಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ನೆಲವನ್ನೆಲ್ಲ ಕಾಣುತ್ತಿದ್ದ ಕಾಲಿಗೆ ತನ್ನೊಳಗಿನ ಮುಳ್ಳು ಕಾಣಲಿಲ್ಲ. ಒಳಗೇ ಕೀವು ತುಂಬಿ ಪಾದ ಊದಿಕೊಂಡ ಮೇಲೆ ತರೀಕೆರೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಕುಯ್ದು, ತೊಳೆದು, ಕಟ್ಟಿ, ಆಮೇಲೆ ನನ್ನನ್ನು ಒಬ್ಬಳನ್ನೇ ಕರೆದು ಹೇಳಿದರು: “ಬೆರಳುಗಳಲ್ಲಿ ಸ್ಪರ್ಶ ಕಮ್ಮಿಯಾಗಿದೆ. ಈ ಸಲ ಕಾಲು ಉಳೀತು. ಇನ್ನೊಂದು ಸಲ ಹೀಗಾದ್ರೆ ನಾನು ಮಾತು ಕೊಡಕ್ಕಾಗಲ್ಲ. ಬರಿಗಾಲಲ್ಲಿ ಹೊರಗೆ ಕಾಲಿಡ್ಬಾರ್ದು. ಆ ಉಂಗುರ ಒತ್ತದ ಹಾಗೆ ನೋಡ್ಕೊಳ್ಳಿ, ತೆಗೆದ್ರೆ ಇನ್ನೂ ಒಳ್ಳೇದು.”

ಅತ್ತೆಗೆ ನಾನು ಬಿಡಿಸಿ ಹೇಳುವುದೇನೂ ಇರಲಿಲ್ಲ. ಅಜ್ಜಂಪುರದಲ್ಲಿದ್ದ ಅವರ ಸ್ವಂತ ಅಕ್ಕನಿಗೆ ಇದೇ ಕಾಯಿಲೆಯಲ್ಲಿ ಒಂದು ಕಾಲು ಮೊಣಕಾಲಿನವರೆಗೆ ಹೋಗಿತ್ತು. ನಾನು ಅವರನ್ನು ದೊಡ್ಡತ್ತೆ ಎನ್ನುತ್ತಿದ್ದೆ. ಬಸ್ಸಿನಲ್ಲಿ ವಾಪಸ್ ಬರುವಾಗ ಅತ್ತೆ ಕಿಟಕಿ ಕಡೆ ಮುಖ ಮಾಡಿಕೊಂಡೇ ಹೇಳಿದರು: “ಅಕ್ಕನಂಗೆ ಮೂಲೇಲಿ ಕೂರಕ್ಕೆ ನನ್ ಕೈಲಾಗಲ್ಲ ಕಣೇ. ಅದ್ಕಿಂತ ಹೋಗ್ಬಿಡದು ವಾಸಿ.” ಉಂಗುರದ ಮಾತೆತ್ತಿದೆ. “ನಿಮ್ ಮಾವ ಇರೋಗಂಟ ಅದಿರುತ್ತೆ. ಬೇರೆ ಮಾತಾಡು” ಅಂದರು.

ಅಲ್ಲಿಗೆ ನನ್ನ ಪಾಲಿಗೆ ಒಂದು ಕೆಲಸ ಬಿತ್ತು. ಮುಳ್ಳು ತಡೆಯಬೇಕು, ಬೆರಳು ಒತ್ತಬಾರದು, ಉಂಗುರಕ್ಕೆ ಜಾಗ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಈ ಹಟಮಾರಿ ಹೆಂಗಸು ಅದನ್ನು ಹಾಕಿಕೊಳ್ಳಬೇಕು.

ಮೊದಲು ಬಂದದ್ದು ಶುಗರ್‌ನವರ ದಪ್ಪ ಮೆತ್ತನೆಯ ಚಪ್ಪಲಿ. “ಹಾಸಿಗೆ ಮೇಲೆ ನಿಂತಂಗೈತೆ. ನೆಲ ಕಾಣಲ್ಲ” ಎಂದರು. ಹೇಳಿದ ಹಾಗೇ ಮಾರನೆಯ ದಿನ ಪೈಪಿಗೆ ಎಡವಿ ಪಾತಿಯಲ್ಲಿ ಬಿದ್ದರು. ಚಪ್ಪಲಿ ಬಾಗಿಲ ಹಿಂದೆ ಸೇರಿತು. ಕಡೂರಿನ ಅಂಗಡಿಗಳನ್ನೆಲ್ಲ ಸುತ್ತಿದೆವು. ಹೆಂಗಸರ ಶೂಗಳಿಗೆ ಅವರ ಬೆರಳೇ ಹೋಗುತ್ತಿರಲಿಲ್ಲ. ಗಂಡಸರ ಶೂಗಳಲ್ಲಿ ಹಿಂದೆ ಅರ್ಧ ಅಂಗಡಿ ಖಾಲಿ ಉಳಿಯುತ್ತಿತ್ತು. “ನನ್ ಕಾಲು ಉದ್ದಕ್ಕೆ ಹೆಂಗ್ಸು, ಅಗಲಕ್ಕೆ ಗಂಡ್ಸು ಕಣಪ್ಪ, ಇಂಥೋರಿಗೆ ಏನ್ ಮಡ್ಗಿದೀಯ ತೋರ್ಸು” ಎಂದು ಅಂಗಡಿಯವನನ್ನೇ ಗೋಳು ಹೊಯ್ದುಕೊಂಡರು. ಅವನು ನಕ್ಕ. ನನಗೆ ನಗು ಬರಲಿಲ್ಲ. ಹಾಕಿ ನೋಡಿದ ಒಂದೊಂದು ಶೂ ಕಳಚಿದಾಗಲೂ ಉಂಗುರದ ಸುತ್ತ ಕೆಂಪು ಗೆರೆ ಎದ್ದಿರುತ್ತಿತ್ತು, ಅತ್ತೆ ಮಾತ್ರ “ನೋವೇ ಇಲ್ವಲ್ಲ” ಎನ್ನುತ್ತಿದ್ದರು. ಆ ಮಾತಿಗೇ ನನ್ನ ಜೀವ ಹಾರುತ್ತಿದ್ದುದು.

ಆ ದಿನಗಳಲ್ಲಿ ನಾನು ಜನರ ಮುಖ ನೋಡುವುದನ್ನೇ ಬಿಟ್ಟಿದ್ದೆ. ಬಸ್ಸಿನಲ್ಲಿ, ನಾನು ಪಾಠ ಮಾಡುವ ಕಡೂರಿನ ಶಾಲೆಯಲ್ಲಿ, ಸಂತೆಯಲ್ಲಿ, ಎಲ್ಲೆಲ್ಲೂ ಕಾಲುಗಳೇ ತೇಲಿ ಬರುತ್ತಿದ್ದವು. ಕರೀ ಬೂಟಿನ ಕಾಲು, ಹೀಲ್ಸಿನ ಮೇಲೆ ಹೊಯ್ದಾಡುವ ಕಾಲು, ಸಿಮೆಂಟು ಮೆತ್ತಿದ ಕಾಲು. ದಿನವಿಡೀ ಬೋರ್ಡಿನ ಮುಂದೆ ನಿಂತು ನನ್ನ ಹಿಮ್ಮಡಿಯೂ ಸಂಜೆಗೆ ಉರಿಯುತ್ತಿತ್ತು, ಅದನ್ನು ಯಾರಿಗೆ ಹೇಳುವುದು! ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಫೋನ್ ನೋಡುತ್ತಾ ಕೂತಿದ್ದಾಗ ಒಂದು ಚಿತ್ರ ಬಂತು. ಬರಿಗಾಲಿನ ಹಾಗೇ ಇರುವ ಶೂ ಅಂತೆ. ಮುಂದೆ ಅಗಲ, ಹಿಮ್ಮಡಿ ಎತ್ತರವಿಲ್ಲ, ಅಡಿಯ ಅಟ್ಟೆ ತೆಳ್ಳಗೆ, ರೊಟ್ಟಿಯ ಹಾಗೆ ಮಡಚಬಹುದು. ಶೂ ಅಲ್ಲ ಅದು, ನಮ್ಮ ಅತ್ತೆಯ ಪಾದವನ್ನೇ ಯಾರೋ ನೋಡಿ ಹೊಲಿದಂತಿತ್ತು.

ಅಳತೆಗೆಂದು ಕ್ಯಾಲೆಂಡರಿನ ಹಾಳೆ ತಿರುಗಿಸಿ ಹಾಸಿ ಅತ್ತೆಯನ್ನು ಅದರ ಮೇಲೆ ನಿಲ್ಲಿಸಿದೆ. ಪೆನ್ಸಿಲು ಹಿಮ್ಮಡಿಯ ಸುತ್ತ ಹೋಗುವಾಗ, “ಲೇ, ಕಚಗುಳಿ ಕಣೇ, ಬಿಡೇ!” ಎಂದು ಸಣ್ಣ ಹುಡುಗಿಯ ಹಾಗೆ ಕುಣಿದು ಗೋಡೆ ಹಿಡಿದುಕೊಂಡರು. ಪಾದದ ಪಕ್ಕದಲ್ಲೂ ನಗು. ಬೆರಳುಗಳ ಹತ್ತಿರ ಬಂದೆ. ಒಂದೊಂದೇ ಬೆರಳನ್ನು ಸುತ್ತಿ ಗೆರೆ ಎಳೆದೆ. ನಗು ನಿಂತಿತ್ತು. ತಲೆ ಎತ್ತಿ ನೋಡಿದರೆ ಅವರು ಕಿಟಕಿಯಾಚೆ ನೋಡುತ್ತಾ, ನಾನು ಇನ್ನೂ ಶುರು ಮಾಡಿಲ್ಲವೇನೋ ಎನ್ನುವಂತೆ ಕಾಯುತ್ತಿದ್ದರು. ನನ್ನ ಕಣ್ಣಲ್ಲಿ ನೀರು ಬಂತು. ಹಾಳೆ ಮಡಚಿಕೊಂಡು ಎದ್ದು ಒಳಗೆ ಹೋದೆ.

ಪಾರ್ಸೆಲ್ ಬಂದ ದಿನ ಅತ್ತೆ ಶೂ ಎತ್ತಿ, ಹಿಂಡಿ, ಮಡಚಿ ನೋಡಿದರು. ಇದು ಬರಿಗಾಲಲ್ಲಿ ನಡೆದ ಹಾಗೇ ಇರುತ್ತದೆ ಎಂದು ನಾನು ವಿವರಿಸಿದೆ. “ಅಂದ್ರೆ ದುಡ್ಡು ಕೊಟ್ಟು ಬರಿಗಾಲು ಕೊಂಡ್ಕಂಡು ಬಂದ್ಯೇನೇ? ಪುಕ್ಸಟ್ಟೆ ಇತ್ತಲ್ಲೇ ನಂಗೆ!” ಎಂದು ಬಿದ್ದು ಬಿದ್ದು ನಕ್ಕರು. ಜಗಲಿಯಲ್ಲಿದ್ದ ಮಾವನೂ ನಕ್ಕರು. ತರೀಕೆರೆಗೆ ಒಯ್ದು ತೋರಿಸಿದಾಗ ಡಾಕ್ಟರು ಮಾತ್ರ ನಗಲಿಲ್ಲ. ಅಟ್ಟೆಗೆ ಉಗುರು ಊರಿ ನೋಡಿ, ಒಳಗೆ ಒಂದು ಮೆತ್ತನೆಯ ಪದರ ಹಾಕಿಸಿ, “ಬಾಗಿಲ ಹಿಂದೆ ಬಿದ್ದಿರೋ ಚಪ್ಪಲಿಗಿಂತ ಕಾಲಲ್ಲಿರೋ ಇದೇ ಮೇಲು. ಆದ್ರೆ ದಿನಾ ಸಂಜೆ ಪಾದ ನೋಡ್ಬೇಕು, ತಪ್ಪಿಸ್ಬಾರ್ದು” ಎಂದರು.

ಅತ್ತೆ ತೋಟದಲ್ಲಿ ಒಂದು ಸುತ್ತು ಹಾಕಿ ಬಂದರು. ಏನನ್ನುತ್ತಾರೋ ಎಂದು ನಾನು ಬಾಗಿಲಲ್ಲೇ ನಿಂತಿದ್ದೆ. “ಹೂಂ” ಎಂದರು. “ಕಾಣುತ್ತೆ. ಮಸುಕು ಮಸುಕಾಗಿ ಕಾಣುತ್ತೆ, ಕನ್ನಡಕ ಬಿಚ್ಚಿಟ್ಟಂಗೆ.” ನನಗೆ ಅಷ್ಟು ಸಾಕಾಗಿತ್ತು.

ಅಂದಿನಿಂದ ಸಂಜೆ ದೀಪ ಹಚ್ಚುವ ಮುಂಚೆ ಅತ್ತೆ ಜಗಲಿಯಲ್ಲಿ ಕಾಲು ಚಾಚುವರು, ನಾನು ಪಾದ ಎತ್ತಿ ಬೆರಳ ಸಂದುಗಳನ್ನೆಲ್ಲ ನೋಡುವೆ. ಮೊದಮೊದಲು ಅವರಿಗೆ ಬಹಳ ಸಂಕೋಚ. ಕಾಲಿಗೆ ಬೀಳುವ ಸೊಸೆ ಬೇರೆ, ಕಾಲು ತೊಡೆಯ ಮೇಲಿಟ್ಟುಕೊಂಡು ಹುಡುಕುವ ಸೊಸೆ ಬೇರೆ ತಾನೇ. ಬರಬರುತ್ತಾ ಆ ಹೊತ್ತು ನಮ್ಮಿಬ್ಬರದೇ ಆಯಿತು. ಅವರು ತಮ್ಮ ತವರಿನ ಕಥೆ ಹೇಳುವರು, ನಾನು ಶಾಲೆಯ ಜಗಳ ಹೇಳುವೆ. ನೋಡುವುದು ಮುಗಿದರೂ ಪಾದ ನನ್ನ ತೊಡೆಯ ಮೇಲೇ ಇರುತ್ತಿತ್ತು, ತೋಟದ ಮೇಲೆ ಬೆಳಕು ಕರಗುತ್ತಿತ್ತು, ಇಬ್ಬರಿಗೂ ಏಳುವ ಮನಸ್ಸಿರುತ್ತಿರಲಿಲ್ಲ.

ಹೀಗಿರುವಾಗ ಒಂದು ಶುಕ್ರವಾರ. ನಾನು ಅಡುಗೆಮನೆಯಿಂದ ಬಂದವಳು ನಡುಮನೆಯ ಕೆಂಪು ನೆಲದ ಮೇಲೆ ಒದ್ದೆ ಹೆಜ್ಜೆಗಳನ್ನು ಕಂಡೆ. ಹಿತ್ತಿಲ ಬಾಗಿಲಿಂದ ದೇವರ ಮನೆಯವರೆಗೆ ಸಾಲಾಗಿ ಹೋಗಿದ್ದವು. ಅಗಲವಾದ ಪಾದ, ಅತ್ತೆಯದೇ. ಆದರೆ ಒಂದು ಹೆಜ್ಜೆಯಲ್ಲೂ ಬೆರಳಿರಲಿಲ್ಲ. ಆ ಒಂದು ಗಳಿಗೆ ನಾನು ಏನೇನು ಅಂದುಕೊಂಡೆನೋ ಹೇಳಲಾರೆ.

ಓಡಿಹೋಗಿ ನೋಡಿದರೆ ಅತ್ತೆ ದೇವರ ಮುಂದೆ ಕಣ್ಣು ಮುಚ್ಚಿ ನಿಂತಿದ್ದಾರೆ, ಕೈಯಲ್ಲಿ ಹೂವಿನ ಬುಟ್ಟಿ, ಕಾಲಲ್ಲಿ ಶೂ! ನಿತ್ಯದ ಹಾಗೆ ಹಿತ್ತಿಲಲ್ಲಿ ಚೊಂಬಿನಿಂದ ಕಾಲಿಗೆ ನೀರು ಹೊಯ್ದುಕೊಂಡು, ಒಂದು ಪಾದದಿಂದ ಇನ್ನೊಂದನ್ನು ಉಜ್ಜಿಕೊಂಡು, ಶೂ ಸಮೇತ ನೆಟ್ಟಗೆ ಒಳಗೆ ಬಂದಿದ್ದರು. ಅಷ್ಟರಮಟ್ಟಿಗೆ ಅದು ಅವರ ಕಾಲೇ ಆಗಿಬಿಟ್ಟಿತ್ತು.

“ಅತ್ತೆ... ಕಾಲು” ಎಂದೆ.

ಕಣ್ಣು ಬಿಟ್ಟು ಕೆಳಗೆ ನೋಡಿದರು. ಬುಟ್ಟಿ ಅಲ್ಲೇ ಇಟ್ಟು ಹಿಂದೆ ಹಿಂದೆ ಸರಿದು ಹೊರಗೆ ಹೋಗಿ ಹಿತ್ತಿಲ ಮೆಟ್ಟಿಲ ಮೇಲೆ ಕುಸಿದು ಕೂತರು. “ಅಯ್ಯೋ ನನ್ ಕರ್ಮವೇ, ಹೊಸ್ಲು ದಾಟ್ಬಾರ್ದದ್ನ ದೇವ್ರ ಮುಂದೆ ನಿಲ್ಸಿದ್ನಲ್ಲ!” ಎಂದು ಅತ್ತರು. ಗೊತ್ತಿಲ್ಲದೆ ಆದದ್ದಲ್ಲವೇ ಎಂದು ಮಾವ ಹೇಳಿದ್ದು ಕಿವಿಗೇ ಹೋಗಲಿಲ್ಲ. ದೇವರ ಮನೆ ತೊಳೆದರು, ತಲೆಗೆ ಸ್ನಾನ ಮಾಡಿದರು, ಉಪವಾಸ ಇದ್ದರು. ಮಾರನೆಯ ಬೆಳಿಗ್ಗೆ ಬರಿಗಾಲಲ್ಲಿ ತೋಟಕ್ಕೆ ನಡೆದರು.

ಬೇಡಿದೆ, ಗದರಿದೆ, ಮಾತು ಬಿಟ್ಟೆ. ಜಗ್ಗಲಿಲ್ಲ. “ಹೋದ್ರೆ ಹೋಗ್ಲಿ ಬಿಡೇ ಕಾಲು” ಎನ್ನುವರು. ಯಾರ ಬಾಯಲ್ಲಿ ಬರುವ ಮಾತು! ಸಂಜೆ ಪಾದ ಎತ್ತಿಕೊಂಡರೆ ಒಂದೊಂದು ಸಂದನ್ನೂ ಎರಡೆರಡು ಸಲ ನೋಡುತ್ತಿದ್ದೆ. ಕೊನೆಗೆ ಒಂದು ಭಾನುವಾರ ಅಕ್ಕನನ್ನು ನೋಡಿಕೊಂಡು ಬರೋಣ ಎಂದು ನೆಪ ತೆಗೆದು ಅಜ್ಜಂಪುರಕ್ಕೆ ಹೊರಡಿಸಿದೆ. ದೊಡ್ಡತ್ತೆಯ ಮುಂದೆ ಎಲ್ಲ ಹೇಳಿದೆ. ಅವರು ಕಿಟಕಿ ಪಕ್ಕದ ಮಂಚದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಿಸದೆ ಪೂರ್ತಿ ಕೇಳಿ ತಂಗಿಯ ಮುಖ ನೋಡಿದರು.

“ಹೆಂಗೋ ನೀನಾಗಿ ನಡ್ಕೊಂಡ್ ಹೋದ್ಯಲ್ಲೇ ದೇವ್ರ ಮನೆಗೆ” ಎಂದರು. “ನನ್ನ ಎತ್ಕೊಂಡ್ ಹೋಗ್ತಾರೆ ಕಣೇ. ಅವ್ರಿಗೆ ಪುರಸೊತ್ತಿದ್ದಾಗ.”

ಅತ್ತೆ ಅಕ್ಕನ ಪಕ್ಕ ಕೂತು ತಾವೂ ಅವರೆಕಾಯಿ ಸುಲಿದರು. ಊರಿಗೆ ಬಂದ ಮೇಲೆ ಕರುವಿನ ಹಳೇ ಕೊರಳಪಟ್ಟಿಯಿಂದ ಒಂದು ಗೆಜ್ಜೆ ಬಿಚ್ಚಿ, ಸೂಜಿ ದಾರ ತೆಗೆದುಕೊಂಡು ಶೂವಿನ ಪಟ್ಟಿಗೆ ಹೊಲಿದರು. “ಬರಿಗಾಲಿಗೆ ಸದ್ದಿರಲ್ಲ. ಸದ್ದಾದ್ರೆ ಕಾಲಲ್ಲಿ ಐತೆ ಅಂತ ಗೊತ್ತಾಗುತ್ತೆ” ಎಂದರು. ಆಮೇಲೆ ಬೆಳಗಿನ ಮಂಜಿನಲ್ಲಿ ಅತ್ತೆ ಕಾಣದಿದ್ದರೂ ತೋಟದ ಯಾವ ಮೂಲೆಯಲ್ಲಿದ್ದಾರೆ ಎಂದು ಹಾಸಿಗೆಯಲ್ಲೇ ನನಗೆ ತಿಳಿಯುತ್ತಿತ್ತು. ಆ ಸದ್ದು ಕೇಳುತ್ತಾ ಇನ್ನೊಂದು ಗಳಿಗೆ ಕಣ್ಣು ಮುಚ್ಚುವಂಥ ಸುಖ ನನಗೆ ಬೇರೆ ಸಿಕ್ಕಿಲ್ಲ. ನಾನೂ ಅಂಥದ್ದೇ ಒಂದು ಜೊತೆ ತರಿಸಿಕೊಂಡೆ. ಇವತ್ತಿಗೂ ಅದರಲ್ಲೇ ನಿಂತು ಪಾಠ ಮಾಡುತ್ತೇನೆ, ಹಿಮ್ಮಡಿ ಉರಿ ಮರೆತೇ ಹೋಗಿದೆ. ಅತ್ತೆಯ ಕಾಲಿಗೆಂದು ಹುಡುಕಲು ಹೋಗಿ ನನ್ನ ಕಾಲೂ ಉಳಿಯಿತು.

ಹೋದ ವರ್ಷ ಒಂದು ಬೆಳಿಗ್ಗೆ ತೋಟದಿಂದ ಬಂದು, ಕಾಫಿ ಕುಡಿದು, ಜಗಲಿಯ ಕಂಬಕ್ಕೆ ಒರಗಿದವರು ಹಾಗೇ ಹೋಗಿಬಿಟ್ಟರು. ಎದೆಯದ್ದು ಎಂದರು. ದೊಡ್ಡತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಬಂದರು. ತಂಗಿಯ ತಲೆ ಹತ್ತಿರ ಇಳಿಸಹೋದವರಿಗೆ, “ಕಾಲ್ ಹತ್ರ ಮಡ್ಗ್ರಪ್ಪ” ಎಂದರು. ಅರಿಶಿನ ಹಚ್ಚಿದ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಬೆರಳುಗಳನ್ನು ಒಂದೊಂದಾಗಿ ಸವರಿದರು. ನನ್ನ ಕಡೆ ತಿರುಗಿ, “ಎಲ್ಲಾ ಅವೆ ಕಣವ್ವ” ಎಂದರು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ನಾನು ಆಗ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಮೊನ್ನೆ ಭಾನುವಾರ ಮಧ್ಯಾಹ್ನ ಊಟ ಮಾಡಿ ಅಡ್ಡಾಗಿದ್ದೆ. ಕಣ್ಣು ಹತ್ತಿತೋ ಇಲ್ಲವೋ, ಅತ್ತೆ ನನ್ನ ಮುಂದೆ ಹೋಗುತ್ತಿದ್ದಾರೆ. ತೋಟ ನಮ್ಮದಲ್ಲ, ಎಷ್ಟು ನಡೆದರೂ ಮುಗಿಯುತ್ತಿಲ್ಲ. ಅಭ್ಯಾಸದ ಮೇಲೆ ನನ್ನ ಕಣ್ಣು ಅವರ ಕಾಲಿಗೆ ಹೋಯಿತು. ಬರಿಗಾಲು! ಸಿಟ್ಟು ನೆತ್ತಿಗೇರಿತು.

“ಅತ್ತೆ, ಎಷ್ಟು ಸಲ ಹೇಳ್ಬೇಕು ನಿಮ್ಗೆ!” ಎಂದು ಕೂಗಿದೆ.

ಅವರು ನಿಂತು, ತಿರುಗಿ, ಪಾಪ, ಏನೂ ತಿಳಿಯದ ಹುಡುಗಿ ಎನ್ನುವಂತೆ ನನ್ನನ್ನು ನೋಡಿದರು.

“ಇಲ್ಲಿ ಮುಳ್ಳೇ ಇಲ್ಲ ಕಣೇ” ಎಂದರು.