ಮುನಿಯಾಳನ್ನು ಗಣಿಗೆ ಇಳಿಸಿದ್ದು

ನನಗೆ ಕತ್ತಲೆಯೆಂದರೆ ಭಯ. ಹೈಸ್ಕೂಲಿನ ಕನ್ನಡ ಟೀಚರ್ ಹೀಗೆ ಹೇಳಬಾರದು, ಆದರೆ ನಿಮ್ಮ ಹತ್ತಿರ ಎಂಥ ಮುಚ್ಚುಮರೆ? ಕಾಸರಗೋಡಿನ ಜವಳಿ ಅಂಗಡಿಯಲ್ಲಿ ಲಿಫ್ಟಿನ ಬಾಗಿಲು ಮುಚ್ಚುವುದನ್ನು ಕಂಡರೆ ಸಾಕು, ಮೊಣಕಾಲು ನೋವನ್ನು ನುಂಗಿಕೊಂಡು ಮೆಟ್ಟಿಲು ಹತ್ತುವವಳು ನಾನು. ಇಂಥವಳಿಗೆ ಮಕ್ಕಳಿಗಾಗಿ ಕಲ್ಲಿದ್ದಲು ಗಣಿಯ ಕಾದಂಬರಿ ಬರೆಯುವ ಹುಚ್ಚು ಹಿಡಿಯಿತು. ಹಿಂದೆ ದೂರದ ಗಣಿನಾಡುಗಳಲ್ಲಿ ಹೆಂಗಸರೂ ಮಕ್ಕಳೂ ನೆಲದಡಿಗೆ ಇಳಿದು ದುಡಿಯುತ್ತಿದ್ದರೆಂದು ಓದಿದ್ದೆ. ಓದಿದ್ದು ತಲೆಯಿಂದ ಇಳಿಯಲೊಲ್ಲದು. ಕೊನೆಗೆ ಮುನಿಯಾ ಎಂಬ ಹನ್ನೊಂದರ ಹುಡುಗಿಯನ್ನು ಕಲ್ಪಿಸಿಕೊಂಡು, ಮೊದಲ ಅಧ್ಯಾಯದಲ್ಲೇ ನಗುನಗುತ್ತಾ ಗಣಿಗೆ ಇಳಿಸಿಬಿಟ್ಟೆ.

ಅದನ್ನು ಮೊದಲು ಓದಿದವಳು ನಮ್ಮ ಶಾಲೆಯ ಗಣಿತದ ಟೀಚರ್ ಶೈಲಜಾ. "ಇವಳು ಗಣಿಗೆ ಹೋಗುದಾ, ಮದುವೆ ಊಟಕ್ಕೆ ಹೋಗುದಾ ಟೀಚರೇ?" ಎಂದಳು. "ನಮ್ಮ ಮನೆ ಹಿಂದೆ ಸುರಂಗ ಉಂಟಲ್ಲ, ಒಮ್ಮೆ ಒಳಗೆ ಹೋಗಿ ಬರುವ. ನಾನಿದ್ದೇನೆ, ಎಂತ ಹೆದರಿಕೆ?"

ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದು ನೀರು ತರುವ ಇಂಥ ಸುರಂಗಗಳು ನಮ್ಮ ಕಡೆ ಬೇಕಾದಷ್ಟಿವೆ. ಒಬ್ಬರು ಬಗ್ಗಿ ಹೋಗುವಷ್ಟೇ ಜಾಗ. ಮಳೆಗಾಲ ಮುಗಿದ ಹೊಸತು. ಮಣ್ಣು ಸಡಿಲವಾಗಿರುತ್ತದೆ, ಹೋಗಬೇಡಿ ಎಂದು ಶೈಲಜಳ ಅತ್ತೆ ಹೇಳಿದ್ದರು. ಅವರು ಸ್ನಾನಕ್ಕೆ ಹೋದ ಹೊತ್ತು ನೋಡಿ, ದಿನವೂ ಮಕ್ಕಳಿಗೆ ಶಿಸ್ತು ಕಲಿಸುವ ನಾವಿಬ್ಬರು ಟೀಚರುಗಳು ಸೆರಗು ಸಿಕ್ಕಿಸಿಕೊಂಡು ಒಳಗೆ ನುಗ್ಗಿದೆವು.

ಮುಂದೆ ಶೈಲಜಾ, ಕೈಯಲ್ಲಿ ಮೊಬೈಲಿನ ಬೆಳಕು. ಹಿಂದೆ ನಾನು. ಪಾದ ಮುಳುಗುವಷ್ಟು ತಣ್ಣೀರು. ಪಾತಾಳವೆಂದರೆ ಹಾವಿನ ಹೆಡೆಯ ರತ್ನಗಳಿಂದ ಝಗಝಗಿಸುವ ಲೋಕವೆಂದು ಪುರಾಣಗಳು ಹೇಳುತ್ತವೆ. ಹಾಗೆ ಬರೆದ ಪುಣ್ಯಾತ್ಮರೂ ನನ್ನಂತೆಯೇ ಒಮ್ಮೆಯೂ ಇಳಿದವರಲ್ಲವೆಂದು ನನಗೆ ಆಗಲೇ ಗುಮಾನಿ ಬಂತು. ಸುರಂಗ ತಿರುಗಿದಾಗ ಬಾಯಿಯ ಕಡೆಯ ಬೆಳಕು ಆರಿತು. ಅಷ್ಟರಲ್ಲಿ ಏನೋ ಮುಖವನ್ನು ಸವರಿಕೊಂಡು ಹಾರಿತು, ಬಾವಲಿಯಿರಬೇಕು. ಶೈಲಜಾ ಕಿರುಚಿದಳು. ಮೊಬೈಲು ನೀರಿಗೆ ಬಿತ್ತು.

ಅಂಥ ಕತ್ತಲೆಯನ್ನು ನಾನು ಕಂಡಿರಲಿಲ್ಲ. ಕಣ್ಣು ಮುಚ್ಚಿದರೂ ತೆರೆದರೂ ಒಂದೇ. ಆಗ ನನ್ನ ಹಿಂದೆ, ನಾವು ಬಂದ ದಾರಿಯಲ್ಲಿ, ಧೊಪ್ಪೆಂದು ಮಣ್ಣು ಕುಸಿದ ಸದ್ದು.

"ಟೀಚರೇ, ನಂಗೆ ಉಸಿರು ಬರುದಿಲ್ಲ." ಎಂತ ಹೆದರಿಕೆ ಎಂದಿದ್ದವಳು ನೀರಿನಲ್ಲೇ ಕುಸಿದು ಕುಳಿತಿದ್ದಳು.

ನನಗೂ ಬರುತ್ತಿರಲಿಲ್ಲ. ಆದರೆ ಭಯ ನನಗೆ ಹಳೆಯ ನೆಂಟ. ಅದು ಬಂದಾಗ ಹೇಗೆ ಉಪಚರಿಸಬೇಕೆಂದು ಅಲ್ಪಸ್ವಲ್ಪ ಗೊತ್ತಿತ್ತು. ತಡವರಿಸಿ ಅವಳ ಕೈ ಹಿಡಿದೆ. "ಶೈಲಜಾ, ನೀರು ಹರಿಯುದು ಗೊತ್ತಾಗ್ತದಾ ಕಾಲಿಗೆ? ಅದು ಹೊರಗೇ ಹೋಗುದು. ಅದರೊಟ್ಟಿಗೆ ನಾವೂ ಹೋಗುವ. ಕೈ ಬಿಡ್ಬೇಡ ಮಾರಾಯ್ತಿ."

ತಿರುಗಿ ನಾನು ಮುಂದಾದೆ. ಕುಸಿದ ಮಣ್ಣು ಸೊಂಟದೆತ್ತರ ಬಿದ್ದಿತ್ತು. ಅದರ ಮೇಲೆ ಹೊಟ್ಟೆಯಲ್ಲಿ ತೆವಳಿದೆ. ಬೆನ್ನಿಗೆ ಮೇಲಿನಿಂದ ಸುರಂಗದ ಮಾಡು ತಾಗಿತು. ಕುತ್ತಿಗೆಯ ಮೇಲೆ ಸಣ್ಣ ಹರಳುಗಳು ಉದುರಿದವು. ಇನ್ನೊಂದು ಹಿಡಿ ಜಾಸ್ತಿ ಬಿದ್ದರೆ? ದೇವರ ಹೆಸರು ಒಂದೂ ನೆನಪಾಗಲಿಲ್ಲ. ನೆನಪಾದದ್ದು ಮುನಿಯಾ. ದಿನವೂ ಇಂಥದ್ದರೊಳಗೆ ಹೋಗಲಿಕ್ಕಿದ್ದ ಮಗುವನ್ನು ನಾನು ನಗಿಸಿ ಕಳಿಸಿದ್ದೆನಲ್ಲ!

ಆಚೆ ಇಳಿದು ಶೈಲಜಳನ್ನು ಎಳೆದುಕೊಂಡೆ. ತಿರುವು ದಾಟಿದಾಗ ಹಗಲು ಕಂಡಿತು. ಹೊರಗೆ ಅವಳ ಅತ್ತೆ ಒದ್ದೆ ತಲೆಯಲ್ಲೇ ನಿಂತಿದ್ದರು. "ಬುದ್ಧಿ ಉಂಟಾ ನಿಮಗೆ? ಮಕ್ಕಳಿಗೆ ಪಾಠ ಹೇಳುವವರಾ ನೀವು?" ಎಂದು ಬೈಯುತ್ತಲೇ ಇಬ್ಬರ ಮುಖದ ಕೆಸರನ್ನೂ ಸೆರಗಿನಿಂದ ಒರೆಸಿದರು.

ಆಮೇಲೆ ಆ ಮೊದಲ ಅಧ್ಯಾಯವನ್ನು ಹರಿದು ಹೊಸತಾಗಿ ಬರೆಯಹೊರಟರೆ ಕಾದಂಬರಿ ಮುಂದೆ ಹೋಗಲಿಲ್ಲ. ಗಣಿಯ ಬಾಯಿಗೆ ಬಂದಾಗಲೆಲ್ಲ ಮುನಿಯಾಗೆ ಜ್ವರ ಬರಿಸಿದೆ, ಹಬ್ಬ ಬರಿಸಿದೆ, ಇಲ್ಲದ ಚಿಕ್ಕಮ್ಮನಿಗೆ ಹೆರಿಗೆ ಮಾಡಿಸಿದೆ. ಆದರೆ ನಿಜವಾದ ಮುನಿಯಾಗಳಿಗೆ ಇಂಥ ರಜೆ ಯಾರು ಕೊಟ್ಟಿದ್ದರು? ಕಡೆಗೊಂದು ದಿನ ಆ ಚಿಕ್ಕಮ್ಮನ ಕೈ ಹಿಡಿಸಿ, ಅಳುತ್ತಿದ್ದವಳನ್ನು ಅಳುತ್ತಿದ್ದಂತೆಯೇ ಇಳಿಸಿದೆ.

ಅದನ್ನು ಎಂಟನೆಯ ತರಗತಿಯಲ್ಲಿ ಓದಿ ಹೇಳಿದೆ. ಊಟದ ಬೆಲ್ ಆಯಿತು. ಎಲ್ಲರೂ ಓಡಿದರು, ಅಶ್ವಿತಾ ಎಂಬ ಹುಡುಗಿ ಮಾತ್ರ ಬೆಂಚು ಬಿಟ್ಟು ಏಳಲಿಲ್ಲ.

"ಅವಳು ಹೊರಗೆ ಬರ್ತಾಳಾ ಟೀಚರ್?"

"ಬರ್ತಾಳೆ. ನೀನು ಊಟಕ್ಕೆ ಹೋಗು."

"ಸತ್ಯವಾಗಿ?"

"ಸತ್ಯವಾಗಿ."

ಇತಿಹಾಸ ಯಾವ ಹುಡುಗಿಗೂ ಅಂಥ ಮಾತು ಕೊಡುವುದಿಲ್ಲ. ನಾನು ಕೊಟ್ಟಾಗಿತ್ತು. ಸ್ಟಾಫ್ ರೂಮಿಗೆ ಹೋಗಿ, ಬುತ್ತಿಯನ್ನು ಬದಿಗೆ ಸರಿಸಿ, ನಡುವಿನ ಅಧ್ಯಾಯಗಳು ಹೇಗಾದರೂ ಇರಲಿ ಎಂದುಕೊಂಡು, ಮೊದಲು ಮುನಿಯಾಳನ್ನು ಗಣಿಯಿಂದ ಹೊರಗೆ ತಂದೆ.