ಲಿಂಗಕ್ಕೆ ತೋರಿಸದ ಔಷಧ

ಈ ಬೇಸಿಗೆಯಲ್ಲಿ ನಮ್ಮ ಗಲ್ಲಿಗೆ ಮತ್ತೆ ನೀರಿನ ಟ್ಯಾಂಕರ್ ಬಂತು. ಕೊಡ ಹಿಡಿದು ನಿಂತವಳಿಗೆ ತುಕ್ಕು ಹಿಡಿದ ತಗಡಿನ ವಾಸನೆ ಬಡಿಯಿತು. ಕೊಡ ಕೆಳಗಿಟ್ಟು ಅಲ್ಲೇ ಕೂತೆ. ಬರದ ಆ ವರ್ಷಗಳಲ್ಲಿ ಗಡಿ ಊರು ಉಮರ್ಗಾದ ಈ ಗಲ್ಲಿಗೆ ಟ್ಯಾಂಕರಿನಲ್ಲಿ ನೀರು ತರುತ್ತಿದ್ದವನು ಪಕ್ಕದ ಮನೆಯವನೇ. ನನಗೆ ವೈನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದ, ಸ್ವಂತ ಮೈದುನನಿಗಿಂತ ಹೆಚ್ಚಾಗಿದ್ದ...

ಬಿಡುವಿಲ್ಲದೆ ಟ್ಯಾಂಕರಿನ ಖೇಪಿನ ಮೇಲೆ ಖೇಪು ಹೊಡೆದು ಅವನ ಬೆನ್ನು ಬಿದ್ದುಹೋಗಿತ್ತು. ಹೆದ್ದಾರಿಯಲ್ಲಿ ಯಾರೋ ನೋವಿಗೆಂದು ಅಫೀಮು ಕೊಟ್ಟರು. ಆಮೇಲೆ ಗರ್ದ ಅನ್ನುವ ಕಂದು ಪುಡಿ, ಅಫೀಮಿಗಿಂತ ಜೋರಾದ ನಶೆ. ಒಣಗಿ ಕಡ್ಡಿಯಾದ. ಕೊನೆಗೆ ಹೆಂಡತಿ ಹಟ ಹಿಡಿದು ದವಾಖಾನೆಗೆ ಕರೆದೊಯ್ದಳು. ಅಲ್ಲಿ ದಿನಾ ನರ್ಸಿನ ಎದುರೇ ನಿಂತು ಮೆಥಡೋನ್ ಎಂಬ ಔಷಧ ಕುಡಿಯಬೇಕು; ಅದೂ ಅಫೀಮಿನ ಜಾತಿಯದೇ, ಆದರೆ ಗರ್ದದ ಹಂಬಲ ತಡೆಯುವಂಥದ್ದು. ಎರಡು ತಿಂಗಳಲ್ಲಿ ಮುಖಕ್ಕೆ ಕಳೆ ಬಂತು, ಮತ್ತೆ ಟ್ಯಾಂಕರ್ ಹತ್ತಿದ.

ಅವನಿಗೊಂದು ನೇಮವಿತ್ತು. ಬಾಯಿಗೆ ಹೋಗುವುದು ಏನೇ ಇರಲಿ, ಒಂದು ಗುಟುಕು ಚಹಾ ಕೂಡ, ಕೊರಳಲ್ಲಿನ ಲಿಂಗಕ್ಕೆ ತೋರಿಸಬೇಕು. ಗರ್ದದ ದಿನಗಳಲ್ಲಿ ಲಿಂಗವನ್ನು ಬಿಚ್ಚಿ ದೇವರ ಜಗಲಿಯ ಮೇಲಿಟ್ಟಿದ್ದ. ಈಗ ಮತ್ತೆ ಕಟ್ಟಿಕೊಂಡಿದ್ದ. ಒಂದು ಬೆಳಿಗ್ಗೆ ನನ್ನ ಪೂಜೆ ಮುಗಿಯುವವರೆಗೆ ಕಟ್ಟೆಯ ಮೇಲೆ ಕಾದು ಕೂತಿದ್ದ.

"ವೈನಿ, ದವಾಖಾನಿ ಔಷಧ ಲಿಂಗಕ್ಕ ತೋರಿಸಿ ಕುಡದ್ರ ನಡೀತದೇನ್ರಿ?"

ಗಲ್ಲಿಗೆಲ್ಲ ನಾನೇ ದೊಡ್ಡ ಶರಣೆ ಎಂಬ ಜಂಬ ನನಗೆ. ಯೋಚಿಸಲೂ ಇಲ್ಲ.

"ಅದೂ ನಶಾನೇ ಅಲ್ಲೇನಪಾ. ನಶಾ ಒಯ್ದು ಲಿಂಗದ ಮುಂದ ಹಿಡೀತಿಯೇನು?"

ತಲೆ ತಗ್ಗಿಸಿ ಹೋದ. ಲಿಂಗಕ್ಕೆ ಸಲ್ಲದ್ದು ತನಗೂ ಬೇಡವೆಂದು ಮರುದಿನದಿಂದ ಔಷಧವನ್ನೇ ಬಿಟ್ಟ. ಹೆಂಡತಿಗೆ ತಿಳಿಸಲಿಲ್ಲ, ನನಗೆ ಮಾತ್ರ ಬಂದು ಹೇಳಿದ. ನಾನು ಶಹಬ್ಬಾಸ್ ಅಂದೆ. ನೆನೆದರೆ ಈ ನಾಲಿಗೆ ಕಿತ್ತುಕೊಳ್ಳಬೇಕು ಅನ್ನಿಸುತ್ತದೆ.

ಬೆವರು, ವಾಂತಿ, ಎಲುಬೆಲುಬು ನೋವು... ಮನೆಯಲ್ಲಿ ಜ್ವರ ಅಂದ. ಎರಡು ವಾರ ಹಲ್ಲು ಕಚ್ಚಿ ತಡೆದ. ತಡೆಯಲಾಗದ ದಿನ ಲಿಂಗ ಬಿಚ್ಚಿಟ್ಟು ಹೋಗಿ, ಹಿಂದೆ ತೆಗೆದುಕೊಳ್ಳುತ್ತಿದ್ದಷ್ಟೇ ಗರ್ದ ತೆಗೆದುಕೊಂಡ. ಅಭ್ಯಾಸ ತಪ್ಪಿದ ಮೈ ಅಷ್ಟನ್ನು ತಾಳಲಿಲ್ಲ ಎಂದರು ಡಾಕ್ಟರು. ಟ್ಯಾಂಕರಿನ ಸೀಟಿನಲ್ಲೇ ಹೋಗಿಬಿಟ್ಟಿದ್ದ. ಮಣ್ಣು ಮಾಡುವಾಗ ಲಿಂಗವನ್ನು ಅಂಗೈಯಲ್ಲಿಟ್ಟರು.

ಅವನ ಹೆಂಡತಿ ನನ್ನನ್ನೇ ತಬ್ಬಿಕೊಂಡು ಅತ್ತಳು. "ಅಕ್ಕಾ, ನಿಮ್ಮ ಮಾತೊಂದೇ ಕೇಳ್ತಿದ್ರು ನೋಡ್ರಿ."

ಆಕೆ ಈಗಲೂ ಪಕ್ಕದ ಮನೆಯಲ್ಲಿದ್ದಾಳೆ. ಹಬ್ಬಕ್ಕೆ ಹೋಳಿಗೆ ಕೊಟ್ಟು ಕಳಿಸುತ್ತಾಳೆ. ನಾನು ಇನ್ನೂ ಹೇಳಿಲ್ಲ.

ನನಗೂ ಈಗ ಬಿಪಿ. ದಿನಾ ಪೂಜೆ ಮುಗಿಸಿ, ಗುಳಿಗೆಯನ್ನು ಲಿಂಗಕ್ಕೆ ತೋರಿಸಿ ನುಂಗುತ್ತೇನೆ. ಹೀಗೆ ಮಾಡಬಹುದೇ ಎಂದು ನಾನು ಯಾರನ್ನೂ ಕೇಳಲಿಲ್ಲ.